ಆದ್ರೆ ಮೇಷ್ಟ್ರು

ಹೋದ ತಿಂಗಳು ಮಗಳಿಗೊಂದು ಪಾರ್ಸಲ್ ಕಳಿಸಲು ಹೊನ್ನಾಳಿಯ ಅಂಚೆ ಕಚೇರಿಗೆ ಹೋಗಿದ್ದೆ. ಒಳಗೆ ಯಾರೋ ಚೀಲದ ಬಾಯಿಗೆ ಅರಗು ಕರಗಿಸಿ ಮುದ್ರೆ ಒತ್ತುತ್ತಿದ್ದರು. ಆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ಸಾಲು ಬಿಟ್ಟು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ನಲವತ್ತು ವರ್ಷ ದಾಟಿದರೂ ಆ ವಾಸನೆಯ ಹಿಂದೆಯೇ ಮೇಷ್ಟ್ರು ಬರುತ್ತಾರೆ...

ಎಪ್ಪತ್ತರ ದಶಕದ ಕೊನೆಯ ಮಾತು. ಸಾಸ್ವೆಹಳ್ಳಿ ಕಡೆ, ಹೊಳೆದಂಡೆಯ ಒಂದು ಸಣ್ಣ ಊರಲ್ಲಿ ನಾನು ಪೋಸ್ಟ್ ಮಾಸ್ತರನಾಗಿದ್ದೆ. ಕಚೇರಿ ಅಂದರೆ ನಮ್ಮ ಮನೆಯದೇ ಮುಂದಿನ ಕೋಣೆ, ಒಂದು ಮೇಜು, ಒಂದು ತಕ್ಕಡಿ. ಮೇಷ್ಟ್ರು ನಮ್ಮೂರ ಶಾಲೆಗೆ ಜಗಳೂರು ಕಡೆಯಿಂದ ಬಂದಿದ್ದರು. ಒಂಟಿ ಮನುಷ್ಯ, ಸಣಕಲು ದೇಹ, ದಪ್ಪ ಕನ್ನಡಕ. ತಿಂಗಳಿಗೊಮ್ಮೆ ಅವರ ಹೆಸರಿಗೆ ಮದ್ರಾಸಿನಿಂದ ಒಂದು ದಪ್ಪ ಲಕೋಟೆ ಬರುತ್ತಿತ್ತು. ಅದರಲ್ಲಿ ಇಂಗ್ಲಿಷಿನ ಪಾಠಗಳು, ಮೋಡಗಳ ಚಿತ್ರಗಳು. ಅಂಚೆಯ ಮೂಲಕವೇ ಹವಾಮಾನ ಶಾಸ್ತ್ರ ಕಲಿಸುವ ಕೋರ್ಸು ಅದು. ಮನೆಯಲ್ಲಿ ಕೂತು ಮಳೆ ಓದುವ ಇಂಥದ್ದೊಂದು ವಿದ್ಯೆ ಇದೆ ಅಂತ ನನಗೆ ಗೊತ್ತಾದದ್ದೇ ಅವರಿಂದ.

ಯಾಕೆ ಈ ಉಸಾಬರಿ ಅಂತ ಒಮ್ಮೆ ಕೇಳಿದ್ದೆ. "ನಮ್ಮ ಕಡೆ ಮೋಡ ಬರ್ತಾವ್ರೀ, ನಿಲ್ಲಂಗಿಲ್ಲ. ಯಾಕೆ ನಿಲ್ಲಲ್ಲ ಅಂತ ತಿಳ್ಕೊಂಡು ಸಾಯ್ಬೇಕು" ಅಂದಿದ್ದರು.

ಶಾಲೆಯ ಹಿಂದೆ ಬಿಸ್ಕತ್ತಿನ ಡಬ್ಬಿಯೊಂದನ್ನು ಹೂತು, ಅದರ ಬಾಯಿಗೆ ಆಲಿಕೆ ಇಟ್ಟು ಮಳೆ ಅಳೆಯುತ್ತಿದ್ದರು. ದಿನಕ್ಕೆ ಮೂರು ಸಲ ಆಕಾಶ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಉತ್ತರ ಬರೆದ ಹಾಳೆಗಳನ್ನು ರಿಜಿಸ್ಟರ್ ಮಾಡಿಸಲು ತಂದರೆ, ಲಕೋಟೆಗೆ ಅರಗಿನ ಮುದ್ರೆ ತಾವೇ ಒತ್ತಬೇಕು ಅನ್ನುವ ಹಟ. ಕೋರ್ಸು ಮುಗಿದು ಸರ್ಟಿಫಿಕೇಟು ಬಂದರೆ ಹವಾಮಾನ ಕೇಂದ್ರದ ವೀಕ್ಷಕರ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. ವಯಸ್ಸಿನ ಮಿತಿಗೆ ಒಂದೇ ವರ್ಷ ಬಾಕಿ, ಪಾಠಗಳು ಎರಡೇ ಬಾಕಿ. ಅವರ ಜೀವವೆಲ್ಲ ಆ ಎರಡು ಪಾಠಗಳ ಮೇಲಿತ್ತು.

ಊರಿಗೆ ಮಾತ್ರ ಅವರೊಂದು ತಮಾಷೆ. ಮಳೆ ಬರುತ್ತಾ ಅಂತ ಯಾರೇ ಕೇಳಲಿ, ಮೇಷ್ಟ್ರು ಒಂದು ಮಾತು ಹೇಳಿ, ಗಂಟಲು ಸರಿಮಾಡಿಕೊಂಡು "ಆದ್ರೆ..." ಅಂತ ಶುರು ಮಾಡುತ್ತಿದ್ದರು. ಗಾಳಿ ತಿರುಗಿದರೆ ಹಿಂಗೆ, ಸೆಕೆ ಹೆಚ್ಚಿದರೆ ಹಂಗೆ. ಕೇಳಿದವರು ಅಷ್ಟರಲ್ಲಿ ಎದ್ದು ಹೋಗಿರುತ್ತಿದ್ದರು. ಅವರಿಗೆ ಬೇಕಾದದ್ದು ಮೊದಲ ಮಾತು, ಅಷ್ಟೇ. 'ಆದ್ರೆ ಮೇಷ್ಟ್ರು' ಅಂತ ಹೆಸರು ಬಿತ್ತು. ಇಟ್ಟವನು ನಾನೇ ಅಂತ ಹೇಳಿಕೊಳ್ಳಲು ಇವತ್ತು ನಾಚಿಕೆಯಾಗುತ್ತದೆ.

ಆ ವರ್ಷ ಪಂಚಮಿ ಹಬ್ಬಕ್ಕೆ ತಂಗಿಯನ್ನು ಕರೆತರಬೇಕಿತ್ತು. ಅವಳನ್ನು ಹೊಳೆಯಾಚೆ, ನ್ಯಾಮತಿ ಕಡೆಯ ಹಳ್ಳಿಗೆ ಕೊಟ್ಟಿದ್ದೆವು. ಅಣ್ಣತಮ್ಮಂದಿರು ಹೋಗಿ ಕರೆಯದೆ ಹೆಣ್ಣುಮಗಳು ಪಂಚಮಿಗೆ ತವರಿಗೆ ಬರುವಂತಿಲ್ಲ. ಹಿಂದಿನ ವರ್ಷ ಅವಳ ಅತ್ತೆ ಕಳಿಸಿರಲಿಲ್ಲ. ಈ ಸಲವೂ ಬರದಿದ್ದರೆ ಉಂಡೆ ಕಟ್ಟುವುದೇ ಇಲ್ಲ ಅಂತ ಅವ್ವ ಕಣ್ಣೀರು ಹಾಕಿದ್ದಳು. ತೆಪ್ಪದಲ್ಲಿ ದಾಟಿದರೆ ಹತ್ತಿರ. ಹೊನ್ನಾಳಿಯ ಸೇತುವೆ ಸುತ್ತಿ ಬಸ್ಸಿನಲ್ಲಿ ಹೋದರೆ ಇಡೀ ದಿನದ ಕೆಲಸ. ಅಣ್ಣನಿಗೆ ಬಸ್ಸು ಹತ್ತಿದರೆ ವಾಂತಿ. ಸುತ್ತಿ ಹೋಗುವುದಾದರೆ ಕಚೇರಿ ಬಾಗಿಲು ಹಾಕಿ ನಾನೇ ಹೋಗಬೇಕಾಗುತ್ತಿತ್ತು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಮೇಷ್ಟ್ರು ಲಕೋಟೆ ತಂದಿದ್ದರು. "ಇವತ್ತು ಮಳೆ ಬರುತ್ತಾ ಮೇಷ್ಟ್ರೇ? ಅಣ್ಣ ತೆಪ್ಪದಾಗೆ ಹೋಗ್ತೀನಿ ಅಂತಾನೆ" ಅಂದೆ.

"ನಮ್ಮಲ್ಲಿ ಇವತ್ತು ಹನೀನೂ ಬೀಳಲ್ಲ ಪೋಸ್ಟ್ ಮಾಸ್ಟ್ರೇ. ಆದ್ರೆ..." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಮಲೆನಾಡಾಗೆ ಮೂರು ದಿನದಿಂದ ಹುಯ್ತಾ ಐತೆ ಅಂತ ರೇಡಿಯೋದಾಗೆ ಹೇಳಿದ್ರು. ಆ ನೀರು ಇವತ್ತು ಮಧ್ಯಾಹ್ನದೊಳಗೆ ಇಲ್ಲಿಗೆ ಬರ್ತೈತೆ. ಬಿಸಿಲು ನೋಡಿ ಮೋಸ ಹೋಗಬ್ಯಾಡ್ರಿ. ಹೊನ್ನಾಳಿ ಸುತ್ತಿ ಬರಾಕೆ ಹೇಳ್ರಿ."

ನಾನು ಹೂಂ ಅಂದೆ. ಒಳಗೆ ಹೋಗಿ ಅಣ್ಣನಿಗೆ ಹೇಳಿದ್ದು ಇಷ್ಟೇ: "ಮಳೆ ಇಲ್ವಂತೆ. ಮೇಷ್ಟ್ರು ಹೇಳಿದ್ರು."

ಯಾಕೆ ಹಾಗೆ ಮಾಡಿದೆ? ದೊಡ್ಡ ಕಾರಣವೇನಿಲ್ಲ. ಸುತ್ತಿ ಹೋಗಲು ನನಗೆ ಬೇಸರವಿತ್ತು. ಮೇಷ್ಟ್ರ 'ಆದ್ರೆ'ಯನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ, ನಾನೂ ಇಡಲಿಲ್ಲ.

ಆ ದಿನ ಒಂದು ಹನಿಯೂ ಬೀಳಲಿಲ್ಲ. ಅಣ್ಣ ಸರಾಗವಾಗಿ ಆಚೆ ದಡ ಸೇರಿದ. ಊಟ ಮುಗಿಸಿ ತಂಗಿಯನ್ನು ಕರೆದುಕೊಂಡು ವಾಪಸು ಹೊರಟಾಗಲೂ ರಣಬಿಸಿಲು. ನಡುಹೊಳೆಯಲ್ಲಿ ತೆಪ್ಪ ಮಗುಚಿತು. ಅಣ್ಣ ಅರ್ಧ ಮೈಲಿ ಕೆಳಗೆ ಜಾಲಿ ಮರವೊಂದನ್ನು ತಬ್ಬಿಕೊಂಡು ಬದುಕಿದ. ಅಂಬಿಗ ಸಿಗಲೇ ಇಲ್ಲ. ತಂಗಿ ಮೂರನೇ ದಿನ ಸಿಕ್ಕಳು... ಹಸಿರು ಬಳೆಗಳು ಕೈಯಲ್ಲಿ ಹಾಗೇ ಇದ್ದವು. ಅದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗದು.

ಮಣ್ಣು ಮಾಡಿ ಬಂದ ಮಾರನೆಯ ದಿನ ಅಣ್ಣ ನೆಟ್ಟಗೆ ಶಾಲೆಗೆ ನುಗ್ಗಿದ. ಹಿಂದೆ ಅರ್ಧ ಊರು, ಅದರೊಳಗೆ ನಾನು. ಮಕ್ಕಳೆದುರಿಗೇ ಮೇಷ್ಟ್ರ ಕೆನ್ನೆಗೆ ಬಾರಿಸಿದ. "ಏನೂ ಆಗಲ್ಲ ಅಂದ್ಯಲ್ಲೋ, ನನ್ನ ತಂಗೀನ ತಿಂದ್ಯಲ್ಲೋ" ಅಂದ. ಯಾರೋ ಹೋಗಿ ಮಳೆಯ ಡಬ್ಬಿಯನ್ನು ಕಿತ್ತು ತುಳಿದರು. ಕೆಳಗೆ ಬಿದ್ದ ಕನ್ನಡಕವನ್ನು ತಡಕಿ ಹಾಕಿಕೊಂಡು ಮೇಷ್ಟ್ರು ಗುಂಪಿನಲ್ಲಿ ನನ್ನನ್ನು ಹುಡುಕಿದರು. ನನ್ನ ಮುಖವನ್ನೇ ನೋಡಿದರು. ನಿಮ್ಮ ತಮ್ಮನಿಗೆ ಎಲ್ಲಾ ಹೇಳಿದ್ದೆ ಅಂತ ಒಂದು ಮಾತು ಸಾಕಿತ್ತು. ಅವರು ಆಡಲಿಲ್ಲ. ನಾನು ನೆಲ ನೋಡಿದೆ.

ಮುಂದಿನ ತಿಂಗಳು ಮದ್ರಾಸಿನ ಲಕೋಟೆ ಬಂತು. ನಾನೇ ಅವರ ಕೋಣೆಯ ಬಾಗಿಲಿಗೆ ಒಯ್ದೆ, ಕಾಲಿಗೆ ಬೀಳಬೇಕು ಅಂತಲೇ ಹೋಗಿದ್ದೆ. ಅವರು ಕೈ ಚಾಚಲಿಲ್ಲ. "ವಾಪಸ್ ಕಳಿಸ್ರಿ" ಅಂದರು.

"ಇನ್ನೆರಡೇ ಅಲ್ವಾ ಮೇಷ್ಟ್ರೇ..."

"ಹೇಳಾದು ಸರಿಯಿದ್ದು ಏನು ಬಂತ್ರೀ? ಕೇಳೋರಿಗೆ ಮುಟ್ಟಂಗೆ ಹೇಳಾಕೆ ನನಗೆ ಬರಲಿಲ್ಲ. ಅದನ್ನ ಆ ಕೋರ್ಸಿನಾಗೆ ಕಲಿಸಲ್ಲ."

ತಪ್ಪು ನನ್ನದು ಅಂತ ಹೇಳದೆಯೇ ಲಕೋಟೆ ಹಿಡಿದು ತಿರುಗಿದೆ. ಮನೆಗೆ ಬಂದು ಲಕೋಟೆಯ ಮೇಲೆ 'ಸ್ವೀಕರಿಸಲು ನಿರಾಕರಿಸಿದ್ದಾರೆ' ಅಂತ ನನ್ನ ಕೈಯಾರೆ ಬರೆದು ತಾರೀಖಿನ ಮುದ್ರೆ ಒತ್ತಿದೆ. ಅದರ ಮುಂದಿನ ತಿಂಗಳು ಬಂದದ್ದಕ್ಕೂ ಹಾಗೇ ಬರೆದೆ. ಆಮೇಲೆ ಮದ್ರಾಸಿನಿಂದ ಏನೂ ಬರಲಿಲ್ಲ. ಬೇಸಿಗೆ ರಜೆಗೆ ಜಗಳೂರಿಗೆ ಹೋದ ಮೇಷ್ಟ್ರು ಅಲ್ಲಿಗೇ ವರ್ಗ ಮಾಡಿಸಿಕೊಂಡರಂತೆ. ಊರಲ್ಲಿ ಒಬ್ಬರೂ ಅವರನ್ನು ಕಳಿಸಿಕೊಡಲು ಬಸ್ಸಿನ ತನಕ ಹೋಗಲಿಲ್ಲ. ನಾನೂ ಹೋಗಲಿಲ್ಲ.

ಅವ್ವ ಕೊನೆಯವರೆಗೂ ಮೇಷ್ಟ್ರಿಗೆ ಶಾಪ ಹಾಕುತ್ತಲೇ ಸತ್ತಳು. ಅಣ್ಣನಿಗೆ ಈಗ ಎಂಬತ್ತು ಸಮೀಪಿಸಿದೆ. ಹೋದ ತಿಂಗಳು ಹೊನ್ನಾಳಿಯ ಅಂಚೆ ಕಚೇರಿಯಿಂದ ಮನೆಗೆ ಬಂದಾಗ ಅವನು ಜಗುಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಚಪ್ಪಲಿಯನ್ನೂ ಬಿಡದೆ ಹೇಳಿಬಿಟ್ಟೆ.

"ಅಣ್ಣ, ಹೊಳೆ ಏರ್ತೈತೆ, ತೆಪ್ಪ ಬ್ಯಾಡ ಅಂತ ಮೇಷ್ಟ್ರು ಅವತ್ತು ನನಗೆ ಹೇಳಿದ್ರು. ನಿನಗೆ ಹೇಳಲಿಲ್ಲ ನಾನು."

ಹೊಡೆಯುತ್ತಾನೆ ಅಂದುಕೊಂಡಿದ್ದೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಎಲೆಯನ್ನು ಮಡಿಸಲಿಲ್ಲ, ಬಾಯಿಗೂ ಹಾಕಿಕೊಳ್ಳಲಿಲ್ಲ.

"ಅಂಬಿಗನೂ ಬ್ಯಾಡ ಅಂದಿದ್ದ ಕಣೋ. ನೀರು ಕೆಂಪಾಗೈತೆ, ಇವತ್ತು ಇಲ್ಲೇ ಉಳೀರಿ ಅಂದ. ಮೇಷ್ಟ್ರೇ ಹೇಳ್ಯಾರೆ ನಡಿಯಲೇ ಅಂತ ಗದರಿಸಿ ನಾನೇ ಹತ್ತಿಸ್ದೆ."

ಒಂದೇ ಸೂರಿನಡಿ ಇಷ್ಟು ವರ್ಷ, ಅವನ ತಪ್ಪು ಅವನ ಹತ್ತಿರ, ನನ್ನದು ನನ್ನ ಹತ್ತಿರ. ನಡುವೆ ಆ ಬಡಪಾಯಿಯ ತಲೆಯ ಮೇಲೆ ಎರಡನ್ನೂ ಹೊರಿಸಿದ್ದೆವು. ಅಣ್ಣ ಗೋಡೆ ಹಿಡಿದು ಎದ್ದ. ಒಳಗಿನಿಂದ ಟವಲ್ಲು ತಂದು ಹೆಗಲ ಮೇಲೆ ಹಾಕಿಕೊಂಡ.

"ಜಗಳೂರಿಗೆ ಬಸ್ಸು ಎಷ್ಟೊತ್ತಿಗೈತೆ ನೋಡು. ಬಾ, ಹೋಗಾಣ" ಅಂದ.

ಮೇಷ್ಟ್ರು ತೀರಿಕೊಂಡು ಹನ್ನೆರಡು ವರ್ಷವಾಯಿತು ಅನ್ನುವುದನ್ನೂ ಅವನಿಗೆ ನಾನೇ ಹೇಳಬೇಕಾಯಿತು.