ಕಾರ್ನೆಟ್ ಅಂಬಾದಾಸನ ದವಡೆಯ ತೂತು

ಹುಮನಾಬಾದಿನ ಬ್ಯಾಂಡಿನಲ್ಲಿ ಕಾರ್ನೆಟ್ ಎಂಬ ಹಿತ್ತಾಳೆ ತುತ್ತೂರಿ ಊದುತ್ತಿದ್ದ ಅಂಬಾದಾಸನಿಗೆ ತನ್ನ ಗಲ್ಲಗಳ ಮೇಲೆ ವಿಪರೀತ ಹೆಮ್ಮೆ. ಪೂರಿಯ ಹಾಗೆ ಉಬ್ಬುವ ಆ ಗಲ್ಲಗಳನ್ನು ನೋಡಲಿಕ್ಕೇ ಜನ ಮದುವೆಗೆ ಬರುತ್ತಾರೆ, ಮದುಮಗ ಬರೇ ನೆಪ ಎಂದು ಅವನು ನಂಬಿದ್ದ. ೧೯೭೬ರ ಬೇಸಿಗೆಯಲ್ಲಿ ಮೇಲಿನ ದವಡೆಹಲ್ಲು ಕೀಳಿಸಿಕೊಂಡಾಗ, ಕೆಲವು ದಿನ ಊದಬೇಡ ಎಂದು ದವಾಖಾನೆಯಲ್ಲಿ ಹೇಳಿದ್ದರು. ಅಂದು ಸಂಜೆಯೇ ಹಳ್ಳಿಖೇಡದಲ್ಲಿ ಮೆರವಣಿಗೆ. ಹೋದದ್ದು ಹಲ್ಲು, ಉಸಿರಲ್ಲವಲ್ಲ ಎಂದುಕೊಂಡು ಈ ಜಾಣ ಹೋಗಿ ಊದಿಯೇ ಊದಿದ.

ಮರುದಿನ ಬಸಿತಟ್ಟೆಗೆ ಸುರಿದುಕೊಂಡ ಚಹಾ ಬಾಯಿಗೆ ಹೋಗಿ ಮೂಗಿನಿಂದ ಇಳಿಯಿತು.

"ಗಲ್ಲದ ಹೆಮ್ಮಿ ಮೂಗಿಗಿ ಬಂತು ನೋಡ್ರಿ," ಎಂದಳು ಹೆಂಡತಿ ಮುಕ್ತಾಬಾಯಿ.

ಬ್ಯಾಂಡಿನ ಉಸ್ತಾದ ಸಿರಾಜುದ್ದೀನ್ ನಗಲಿಲ್ಲ. "ಬಾಜಾ ಕೈಯಾಗ ಅದ, ಗಾಳಿ ಮೂಗಿನಾಗಿಂದ ಹೊಂಟದ. ಹೀಂಗಾದ್ರ ನಿನ್ನ ಕೋಟು ಬ್ಯಾರೆಯವ್ರಿಗಿ ಕೊಡಬೇಕಾಗ್ತದ, ಅಂಬಾದಾಸ ಭಾಯಿ."

ಬ್ಯಾಂಡಿನವರು ತೊಡುವ ಆ ಕೆಂಪು ಕೋಟು ಹೋದರೆ ತಾನು ಬರೇ ದಪ್ಪ ಗಲ್ಲದ ಮನುಷ್ಯ ಎಂಬುದು ಅಂಬಾದಾಸನಿಗೆ ಹೊಳೆಯಿತು. ವಾರಕ್ಕೊಮ್ಮೆ ಬಸವಕಲ್ಯಾಣಕ್ಕೆ ಬರುತ್ತಿದ್ದ ಸರ್ಜನ್ ಬಾಯೊಳಗೆ ಬ್ಯಾಟರಿ ಬಿಟ್ಟು ನೋಡಿದರು. ಹಲ್ಲಿನ ಮೇಲೆ, ಮೂಗಿನ ಪಕ್ಕದಲ್ಲಿ, ಎಲುಬಿನೊಳಗೆ ಒಂದು ಪೊಳ್ಳು ಕೋಣೆ ಇರುತ್ತದಂತೆ. ಹಲ್ಲು ಹೋದಲ್ಲಿ ಆ ಕೋಣೆಗೆ ತೂತು ಬಿದ್ದಿತ್ತು.

"ಗಲ್ಲದ ಒಳಗಿನ ಚರ್ಮ ಎಳೆದು ಮುಚ್ಚಿ ಹೊಲೀತೀನಿ," ಎಂದರು. "ನಾ ಹೇಳೂತನಕ ಊದಬ್ಯಾಡ್ರಿ, ಮೂಗು ಸೀಟಬ್ಯಾಡ್ರಿ. ಸೀನು ಬಂದ್ರ ಬಾಯಿ ತೆಗೆದು ಸೀನ್ರಿ."

ಅಷ್ಟು ಹೆಮ್ಮೆಯ ಗಲ್ಲ ಕೊನೆಗೆ ತೇಪೆಯಾಯಿತು.

ಹೊಲಿಗೆ ಬಾಯಲ್ಲಿರುವಾಗಲೇ ಬಸವಕಲ್ಯಾಣದ ವ್ಯಾಪಾರಿ ಮಹಾರುದ್ರಪ್ಪನ ಮಗಳ ಮದುವೆ ಬಂತು. ಬ್ಯಾಂಡು ಗೊತ್ತುಮಾಡುವವರು ಎಷ್ಟು ಜನ ಕೋಟು ತೊಟ್ಟು ಬರುತ್ತಾರೆ ಎಂದು ಎಣಿಸಿ ದುಡ್ಡು ಮಾತಾಡುತ್ತಿದ್ದ ಕಾಲ ಅದು.

"ಕೋಟು ಕಮ್ಮಿ ಬೀಳಬಾರದು," ಎಂದ ಸಿರಾಜುದ್ದೀನ್. "ಬಾಜಾ ಬಾಯಿಗಿ ಹಿಡಿ, ಬೆರಳು ಆಡಸು. ಊದೂದು ನಮ್ಮ ಇನ್ನೊಂದು ಕಾರ್ನೆಟ್ಟಿನ ಪಂಡರಿ ಊದ್ತಾನ."

ಅಂಬಾದಾಸ ಬೆರಳಾಡಿಸುತ್ತ ನಡೆದ. ಚೌಕದಲ್ಲಿ ಮಹಾರುದ್ರಪ್ಪ ಎದುರಿಗೇ ಬಂದು, "ಜೋರಾಗಿ ಬರ್ಲಿ, ಅಂಬಾದಾಸ," ಎಂದ. ಗಲ್ಲಗಳು ತಾವಾಗಿಯೇ ಉಬ್ಬತೊಡಗಿದವು. ಒಂದೇ ಒಂದು ಊದು. ಆಮೇಲೆ ಬದುಕಿಡೀ ಮೂಗಿನಿಂದ ಚಹಾ. ಅಂಬಾದಾಸ ಉಸಿರು ನುಂಗಿಕೊಂಡು, ಕಣ್ಣು ಮುಚ್ಚಿ ತಲೆದೂಗಿದ. ಹಿಂದಿನ ಸಾಲಿನಲ್ಲಿ ಪಂಡರಿ ಬೆವರಿಳಿಸಿ ಊದಿದ. ಮಹಾರುದ್ರಪ್ಪ ಒದ್ದೆಗಣ್ಣಾಗಿ ಹೊಸ ಟವೆಲೊಂದನ್ನು ಅಂಬಾದಾಸನ ಹೆಗಲಿಗೆ ಹಾಕಿದ.

ಹೊಲಿಗೆ ಬಿಚ್ಚಿದ ಮೇಲೆ ಸರ್ಜನ್ ಅವನ ಮೂಗು ಹಿಡಿದು, "ಬಾಯಿ ತೆಗೆದು ಮೂಗಿನ ಕಡಿ ಮೆಲ್ಲಗೆ ಗಾಳಿ ದೂಡ್ರಿ," ಎಂದರು. ಅಂಬಾದಾಸ ದೇವರನ್ನು ನೆನೆದು ದೂಡಿದ. ಎಲ್ಲಿಂದಲೂ ಸುಂಯ್ ಎನ್ನಲಿಲ್ಲ. ತೂತು ಮುಚ್ಚಿತ್ತು. ಹೊರಗೆ ಹೋಟೆಲಿನಲ್ಲಿ ಒಂದು ಬಸಿ ಚಹಾ ಕುಡಿದ. ಅದು ಮರ್ಯಾದೆಯಿಂದ ಹೊಟ್ಟೆಗೇ ಹೋಯಿತು.

ಮಳೆಗಾಲ ಕಳೆದು, ಸರ್ಜನ್ ಒಪ್ಪಿಗೆ ಕೊಟ್ಟ ಮೇಲೆ, ಅದೇ ಕೆಂಪು ಕೋಟು ತೊಟ್ಟು ಕಲ್ಯಾಣದ ಇನ್ನೊಂದು ಮದುವೆಯಲ್ಲಿ ನಿಜವಾಗಿಯೇ ಊದಿದ. ಮಹಾರುದ್ರಪ್ಪ ಕಿವಿಗೊಟ್ಟು ಕೇಳಿ ತಲೆಯಾಡಿಸಿದ.

"ಛಲೋ ಅದ ಖರೆ," ಎಂದ. "ನಮ್ಮ ಮಗಳ ಮದುವ್ಯಾಗ ಊದಿದಂಗ ಇಲ್ಲ ಬಿಡು."

ಟವೆಲಿನಿಂದ ಮುಖ ಒರೆಸಿಕೊಂಡು ಅಂಬಾದಾಸ, "ಹೌದ್ರಿ ಸಾಹುಕಾರ್ರ," ಎಂದ, "ಹಂಗ ಊದೂದು ಮತ್ತ ನನ್ನ ಕೈಲೆ ಆಗಂಗಿಲ್ಲ."