ದವಾಖಾನೆಯ ಸಾಲಿನಲ್ಲಿ ಸಿಕ್ಕ ವರ

ಮೊನ್ನೆ ವಾಡಿ ಸ್ಟೇಷನ್ನಿನಲ್ಲಿ ಸೇಡಂ ಕಡೆಯ ಗಾಡಿಗೆ ಕಾಯುತ್ತ ಕುಳಿತಿದ್ದೆ. ಗಾಡಿ ತಡವಾಗಿತ್ತು. ಹೊತ್ತಿಗೆ ಸರಿಯಾಗಿ ಬಂದಿದ್ದರೆ ನಾನೇ ಗಾಬರಿಯಾಗುತ್ತಿದ್ದೆ ಎನ್ನಿ. ಪಕ್ಕದ ಬೆಂಚಿನ ಹೆಂಗಸು ಬುತ್ತಿಯ ಗಂಟು ಬಿಚ್ಚಿದಳು. ಪುಂಡಿಪಲ್ಯದ ಹುಳಿ ವಾಸನೆ, ಬೆಳ್ಳುಳ್ಳಿ ಒಗ್ಗರಣೆ ಸಮೇತ, ನೇರವಾಗಿ ಬಂದು ಮೂಗಿಗೆ ಬಡಿಯಿತು. ಅದರ ಹಿಂದೆಯೇ ನಮ್ಮ ಚಂದಮ್ಮತ್ತೆಯೂ ಬಂದಳು. ತೀರಿಕೊಂಡು ಇಷ್ಟು ವರ್ಷವಾದರೂ ಕರೆಯದೆ ಬರುವ ಚಾಳಿ ಆಕೆಗೆ ಹೋಗಿಲ್ಲ.

ಚಂದಮ್ಮತ್ತೆ ನಮ್ಮಪ್ಪನ ಅಕ್ಕ. ಸೇಡಮ್ಮಿನ ನಮ್ಮ ಮನೆಯಲ್ಲೇ ಇದ್ದಳು ಎಂದರೆ ಪೂರ್ತಿ ನಿಜವಲ್ಲ. ಆಕೆಯ ಟ್ರಂಕು ನಮ್ಮ ಮನೆಯಲ್ಲಿತ್ತು, ಆಕೆ ಮಾತ್ರ ಬಸ್ಸಿನಲ್ಲಿರುತ್ತಿದ್ದಳು. ಚಿಂಚೋಳಿಯ ಗಂಡಿಗೆ ಶಹಾಬಾದಿನ ಹೆಣ್ಣು, ಕಾಳಗಿಯ ಹೆಣ್ಣಿಗೆ ಚಿತ್ತಾಪುರದ ಗಂಡು, ಹೀಗೆ ಜೋಡಿ ಕೂಡಿಸುವುದೇ ಆಕೆಯ ಕಸುಬು. ಡಬ್ಬಿಯ ತುಂಬ ಪುಂಡಿಪಲ್ಯ, ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಜೊತೆಗೆ ನಾನು. ಆಕೆಗೆ ಓದಲು ಬರುತ್ತಿರಲಿಲ್ಲ, ಬಸ್ಸಿನ ಬೋರ್ಡು ಓದಲು ಒಬ್ಬರು ಬೇಕಿತ್ತು. ನಾನಾಗ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಮದುವೆಯಾಗಿರಲಿಲ್ಲ, ಅದೇ ಆಕೆಗೆ ದೊಡ್ಡ ಅವಮಾನ.

"ಊರ ಮಂದೀಗೆಲ್ಲ ವರ ಹುಡುಕ್ತೀನಿ, ಮನ್ಯಾಗ ಇಂಥಾಕಿನ್ನ ಇಟ್ಕೊಂಡೀನಿ. ಯಾರರ ನಂಬ್ತಾರೇನ?" ಎಂದು ಬಸ್ಸಿನಲ್ಲಿ ಅಪರಿಚಿತರ ಮುಂದೆಯೇ ಕೇಳುತ್ತಿದ್ದಳು. ಅಪರಿಚಿತರು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಪಾಪ ಎನ್ನುವಂತೆ ತಲೆಯಾಡಿಸುತ್ತಿದ್ದರು.

ಮದುವೆ ಮಾಡಿಸಿ ಕೈ ತೊಳೆದುಕೊಳ್ಳುವ ಪೈಕಿ ಅಲ್ಲ ಆಕೆ. ವರ್ಷಕ್ಕೊಮ್ಮೆಯಾದರೂ ತಾನು ಕೂಡಿಸಿದ ಮನೆಗಳಿಗೆ ಹೋಗಿ ನೋಡಿ ಬರಬೇಕು. "ಗಂಟು ಹಾಕಿದಾಕಿ ನಾನು. ಬಿಗಿ ಅದನೋ ಸಡ್ಲಾಗ್ಯಾದೋ ನಾ ನೋಡಬ್ಯಾಡೇನು?"

ಹಾಗೆ ನೋಡಲು ಹೋದದ್ದು ತೆಂಗಳಿಗೆ. ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿದ್ದ ಕಾಲ. ಅಲ್ಲಿಯ ಜಗದೇವಿಯನ್ನು ಅತ್ತೆ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿಕಲ್ಲಿನ ಲಾರಿ ಓಡಿಸುವವನಿಗೆ ಕೊಡಿಸಿದ್ದಳು. ಅವನು ಕೆಮ್ಮಿ ಕೆಮ್ಮಿ ಸೊರಗಿ ತೀರಿಹೋಗಿದ್ದ. ಜಗದೇವಿ ತವರಿಗೆ ಬಂದಿದ್ದಾಳೆಂದು ಕೇಳಿ ಹೊರಟಿದ್ದೆವು.

ಬಾಗಿಲಲ್ಲೇ ಅವಳ ತಾಯಿ ಅತ್ತೆಯ ಕೈ ಹಿಡಿದು ಅಳತೊಡಗಿದಳು. "ಅಳಿಯಗ ಎಚ್‌ಐವಿ ಇತ್ತಂತ್ರಿ ಅಕ್ಕ. ಈಕಿಗೂ ಬಂದದಂತ. ಮನ್ಯಾಗ ಸಣ್ಣ ಮೊಮ್ಮಕ್ಕಳವ. ಅದಕ್ಕ ಹಿತ್ತಲದಾಗ ಇರ್ಲಿ ಅಂತ..."

ಹಿತ್ತಲಿನ ತಗಡಿನ ಮಾಡಿನ ಕೆಳಗೆ ಜಗದೇವಿ ಮೊಣಕಾಲ ಮೇಲೆ ಗದ್ದವಿಟ್ಟು ಕುಳಿತಿದ್ದಳು. ಮುಂದೊಂದು ಬೇರೆ ತಟ್ಟೆ. ತಾಯಿ ಕೆಟ್ಟವಳಲ್ಲ, ನೋಡಿ. ತಟ್ಟೆಯಲ್ಲಿ ಎಲ್ಲರಿಗಿಂತ ಹೆಚ್ಚು ತುಪ್ಪವಿತ್ತು. ಆದರೆ ಅದನ್ನು ದೂರದಿಂದ ಸರಿಸಿದ ಗುರುತು ಮಣ್ಣಿನ ಮೇಲಿತ್ತು.

ಅತ್ತೆ ಡಬ್ಬಿ ಬಿಚ್ಚಿ ಆ ತಟ್ಟೆಗೇ ಪಲ್ಯ ಬಡಿಸಿ, ಕಾಲು ಮಡಚಿ ಕುಳಿತು, ಅದರಿಂದಲೇ ತುತ್ತು ಮುರಿದು ಬಾಯಿಗಿಟ್ಟಳು. ತಾಯಿ "ಅಯ್ಯ!" ಎಂದು ಚೀರಿದಳು. ನಾನು ನಮ್ಮ ಶಾಲೆಯ ಗೋಡೆಗೆ ಅಂಟಿಸಿದ್ದ ಪೋಸ್ಟರಿನ ನೆನಪಿನಿಂದ, "ಕೂಡಿ ಉಂಡ್ರ ಬರೂದಿಲ್ಲ ಅತ್ತಿ" ಎಂದೆ.

"ಅದನ್ನ ಅಕಿ ಅವ್ವಗ ಹೇಳು. ಉಣಾಕತ್ತಾಕಿಗೆ ಯಾಕ ಹೇಳ್ತಿ?"

ಜಗದೇವಿ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು, "ನಾ ಭಾಳ ದಿನ ಇರೂದಿಲ್ಲ ಆಯಿ" ಎಂದಳು.

ವಾಪಸು ಬರುವಾಗ ಅತ್ತೆ ಬಸ್ಸಿನಲ್ಲಿ ಬಾಯಿ ಬಿಡಲಿಲ್ಲ. ಕಂಡಕ್ಟರೇ ಗಾಬರಿಯಾಗಿ, "ಆಯಿಗೆ ಆರಾಮಿಲ್ಲೇನ್ರೀ ಟೀಚರ್?" ಎಂದು ಕೇಳಿದ. ಕಾಳಗಿ ದಾಟಿದ ಮೇಲೆ ಮೆಲ್ಲಗೆ ಅಂದಳು: "ಅವನ ಹೊಲ ಕೇಳಿದೆ, ಮನಿ ಕೇಳಿದೆ, ಕುಡೀತಾನೇನು ಅಂತ ಕೇಳಿದೆ. ರಕ್ತದ ತಪಾಸ್ ಕೇಳಲಿಲ್ಲ ನೋಡು."

ಮರುವಾರವೇ ಜಗದೇವಿಯನ್ನೂ ಅವಳ ತಾಯಿಯನ್ನೂ ಎಳೆದುಕೊಂಡು ಗುಲ್ಬರ್ಗಾದ ಸರಕಾರಿ ದವಾಖಾನೆಗೆ ಹೊರಟಳು. ಈ ರೋಗಕ್ಕೆ ಪುಕ್ಕಟೆ ಗುಳಿಗೆ ಕೊಡಲು ಶುರು ಮಾಡಿದ್ದ ಹೊಸತು. ಅಲ್ಲಿಯ ಸಾಲಿನಲ್ಲಿ ಎಲ್ಲರೂ ಸೆರಗು, ಟವೆಲು ಮುಖಕ್ಕೆ ಎಳೆದುಕೊಂಡು, ಯಾರೂ ಯಾರನ್ನೂ ನೋಡದೆ ಕುಳಿತಿದ್ದರು. ಅತ್ತೆಯ ಗಂಟಲಿಗೆ ಮಾತ್ರ ಮುಸುಕು ಇರಲಿಲ್ಲ.

"ಸೊಳ್ಳಿ ಕಡದ್ರ ಬರ್ತದೇನ್ರೀ ಡಾಕ್ಟರಮ್ಮ?"

"ಇಲ್ಲ ಆಯಿ."

"ಒಂದೇ ಚರಗಿ ನೀರು ಕುಡದ್ರ? ಒಂದೇ ಹಾಸಿಗಿ ಮ್ಯಾಲ ಕುಂತ್ರ? ಕೂಸಿನ್ನ ಎತ್ತಿ ಮುದ್ದು ಕೊಟ್ರ?"

"ಯಾವುದರಿಂದಲೂ ಬರೂದಿಲ್ಲ."

"ಮತ್ತ ಹ್ಯಾಂಗ ಬರ್ತದ? ಬಿಚ್ಚಿ ಹೇಳ್ರಿ."

ಡಾಕ್ಟರು ನಗುತ್ತ ಬಿಚ್ಚಿಯೇ ಹೇಳಿದರು. ರೋಗಾಣು ಇರುವವರ ಜೊತೆ ನಿರೋಧ್ ಇಲ್ಲದೆ ಕೂಡಿದರೆ, ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದರೆ, ತಪಾಸು ಮಾಡದ ರಕ್ತ ಏರಿಸಿದರೆ, ಇಲ್ಲವೆ ತಾಯಿಯಿಂದ ಕೂಸಿಗೆ. ಗುಳಿಗೆ ನುಂಗಿದರೆ ರೋಗ ಪೂರ್ತಿ ಹೋಗುವುದಿಲ್ಲ, ಆದರೆ ತಲೆ ಎತ್ತುವುದಿಲ್ಲ. ದಿನಾ ನುಂಗಬೇಕು, ಇರುವ ತನಕ ನುಂಗಬೇಕು. ನಾನು ಫ್ಯಾನಿನ ರೆಕ್ಕೆಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ. ಸಾಲಿನವರೆಲ್ಲ ಕುತ್ತಿಗೆ ಚಾಚಿದ್ದರು. ಕೇಳಬೇಕೆಂದು ಎಲ್ಲರೂ ಬಂದಿದ್ದು ಅದನ್ನೇ, ಕೇಳಲು ಬಾಯಿ ಮಾತ್ರ ಯಾರಿಗೂ ಬಂದಿರಲಿಲ್ಲ.

ಮೊದಲ ಕೆಲವು ದಿನ ಜಗದೇವಿಗೆ ವಾಂತಿ, ತಲೆಸುತ್ತು. ಆಮೇಲೆ ಹಸಿವು ಬಂತು, ಕೆನ್ನೆ ತುಂಬಿತು. ಡಾಕ್ಟರ ಮಾತನ್ನು ಕಿವಿಯಾರೆ ಕೇಳಿದ್ದ ತಾಯಿ ಮಗಳ ಹಾಸಿಗೆಯನ್ನು ಒಳಗೆ ತಂದಳು. ತಂದ ದಿನ ಅದರ ಬಾಜೂಕೇ ತನ್ನದನ್ನೂ ಹಾಸಿಕೊಂಡಳಂತೆ.

ಇನ್ನು ಅತ್ತೆಯ ಕಣ್ಣು. ಸಾಲು ಎಂಥದ್ದೇ ಇರಲಿ, ಅದರಲ್ಲಿ ಗಂಡೆಷ್ಟು, ಹೆಣ್ಣೆಷ್ಟು ಎಂದು ಆ ಕಣ್ಣು ತಾನಾಗಿ ಎಣಿಸುತ್ತಿತ್ತು. ಹೀಗೇ ಒಂದು ತಿಂಗಳ ಗುಳಿಗೆ ತರಲು ಹೋದಾಗ ತೆಳ್ಳನೆಯವನೊಬ್ಬ ಎದ್ದು ಜಗದೇವಿಗೆ ಜಾಗ ಬಿಟ್ಟುಕೊಟ್ಟ. ಹೆಸರು ಭೀಮಾಶಂಕರ. ಚಿತ್ತಾಪುರದಲ್ಲಿ ನೀರೆತ್ತುವ ಮೋಟರ್ ರಿಪೇರಿಯ ಸಣ್ಣ ಅಂಗಡಿ ಇಟ್ಟಿದ್ದ. ಅತ್ತೆ ನನ್ನ ಪಕ್ಕೆಗೆ ತಿವಿದಳು. ನನಗೇ ಇರಬೇಕೆಂದು ಒಂದು ಗಳಿಗೆ ಸೆರಗು ಸರಿಮಾಡಿಕೊಂಡೆ, ಸುಳ್ಳೇಕೆ ಹೇಳಲಿ.

"ಅವಗ ಹ್ಯಾಂಗ ಬಂತಂತ ಕೇಳಿದ್ಯಾ ಅತ್ತಿ?" ಎಂದು ಬಸ್ಸಿನಲ್ಲಿ ಕೇಳಿದೆ.

"ಹ್ಯಾಂಗ ಬಂತಂತ ಕೇಳಿ ನಾ ಏನ್ ಮಾಡ್ಲಿ? ಬಂದದ. ಮುಂದ ಹ್ಯಾಂಗ ಬಾಳ್ವಿ ಮಾಡ್ತಾನ ಅನ್ನೂದು ಕೇಳ್ಬೇಕು."

ಡಾಕ್ಟರನ್ನೂ ಕೇಳಿದಳು. ಮದುವೆಯಾಗಬಹುದು, ಇಬ್ಬರಿಗೂ ಇದ್ದರೂ ನಿರೋಧ್ ಬಿಡಬಾರದು, ಮಗು ಬೇಕೆನಿಸಿದರೆ ಮೊದಲೇ ಬಂದು ಕಾಣಬೇಕು ಎಂದರು. ಅತ್ತೆಗೆ ಅಷ್ಟು ಸಾಕಾಗಿತ್ತು. ಜಗದೇವಿಗೆ ಸಾಕಾಗಲಿಲ್ಲ.

"ಹಿಂದಕ್ಕ ಎಲ್ಲಾ ಕೇಳೇ ಮಾಡಿದ್ದಿ ಆಯಿ," ಎಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. "ಈ ಸಲ ಏನಂತ ಕೇಳ್ತಿ?"

ಅತ್ತೆ ಸೆರಗಿನ ತುದಿ ತಿರುವುತ್ತ ನಿಂತಳು. ಜೋಡಿ ಕೂಡಿಸುವ ಮಾತಿನಲ್ಲಿ ಆಕೆ ಸೋತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ಅಂದಳು: "ಈ ಸಲ ನಾ ಕೇಳೂದಿಲ್ಲವ್ವ. ನೀನೇ ಕೇಳು."

ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಜಗದೇವಿ ಕೇಳಿದಳು. ನಾವಿಬ್ಬರು ಬಾಜೂ ಮೇಜಿನಲ್ಲಿ, ಏನೂ ಕೇಳಿಸದವರಂತೆ ಎಲ್ಲವನ್ನೂ ಕೇಳುತ್ತ ಕುಳಿತೆವು.

"ಗುಳಿಗಿ ತಪ್ಪಸ್ತೀರೇನು?"

"ಒಮ್ಮೆ ತಪ್ಪಿಸಿದ್ದೆ. ಅಣ್ಣನ ಬೀಗರ ಮನ್ಯಾಗ ಎಲ್ಲರ ಮುಂದ ನುಂಗಾಕ ನಾಚಿಕಿ ಬಂತು."

"ಇನ್ನ ಮುಂದ ಬಂದ್ರ?"

ಭೀಮಾಶಂಕರ ಕಪ್ಪಿನಿಂದ ಬಸಿಗೆ ಸುರಿದ ಚಹಾ ನೋಡುತ್ತ, "ಬಾಜೂಕ ನೀವೂ ನುಂಗ್ಲಿಕತ್ರ ಬರೂದಿಲ್ಲೇನೋ" ಎಂದ.

ಜಗದೇವಿ ಸೆರಗು ಬಾಯಿಗಿಟ್ಟು ನಕ್ಕಳು. ಅತ್ತೆ ನನ್ನ ಕಿವಿಯಲ್ಲಿ, "ಆತು" ಎಂದಳು.

ಮದುವೆ ಚಿತ್ತಾಪುರದ ಸಣ್ಣದೊಂದು ಗುಡಿಯಲ್ಲಿ ಆಯಿತು. ಭೀಮಾಶಂಕರನ ಅಣ್ಣ ಬರಲಿಲ್ಲ. ಅತ್ತಿಗೆ ಮಾತ್ರ ಅವನಿಗೆ ಹೇಳದೆ ಬಂದು, ಹುಗ್ಗಿ ಎರಡು ಸಲ ಹಾಕಿಸಿಕೊಂಡಳು. ದವಾಖಾನೆಯ ಸಾಲಿನವರು ಕೆಲವರು ಮುಸುಕಿಲ್ಲದೆ ಬಂದಿದ್ದರು, ಮೊದಲು ಗುರುತೇ ಹತ್ತಲಿಲ್ಲ.

ಮುಂದೆ ಡಾಕ್ಟರ ಸಲಹೆಯಂತೆಯೇ ನಡೆದು ಜಗದೇವಿ ಹೆಣ್ಣುಮಗುವಿನ ತಾಯಿಯಾದಳು. ಕೂಸಿಗೂ ಔಷಧ, ಮೇಲಿಂದ ಮೇಲೆ ತಪಾಸು. ಒಂದೂವರೆ ವರ್ಷ ತುಂಬಿದ ಮೇಲೆ ಕಡೆಯ ತಪಾಸಿನಲ್ಲೂ ಕೂಸಿಗೆ ಸೋಂಕಿಲ್ಲ ಎಂದಾಯಿತು. ಅತ್ತೆ ಬಸ್ಸಿಡೀ ಪೇಡಾ ಹಂಚಿದಳು.

"ಏನ್ ಖುಷಿ ಆಯಿ?" ಎಂದ ಕಂಡಕ್ಟರು.

"ಏನೂ ಇಲ್ಲಂತ!"

"ಏನೂ ಇಲ್ಲಂದ್ರ ಪೇಡಾ ಯಾಕ?"

"ಏನೂ ಇಲ್ಲಂತಲೇ ಪೇಡಾ. ತಿನ್ನು ಸುಮ್ಮ!"

ಗಾಡಿ ಕೊನೆಗೂ ಬಂತು. ಸೇಡಮ್ಮಿಗೆ ಟಿಕೀಟು ತೆಗೆಸಿದ್ದವಳು ಚಿತ್ತಾಪುರದಲ್ಲೇ ಇಳಿದುಬಿಟ್ಟೆ. ಎಷ್ಟೋ ದಿನದ ಮೇಲೆ ಹೋದವಳನ್ನು ಜಗದೇವಿ ಸರಿಯಾಗಿ ಮಾತಾಡಿಸುವ ಮೊದಲೇ ಅಡುಗೆಮನೆಗೆ ಎಳೆದೊಯ್ದಳು. ಮಗಳು ಚಂದನಾ ಪಿಯುಸಿ ಮುಗಿಸಿದ್ದಾಳೆ, ಕಲಬುರಗಿಯ ಹಾಸ್ಟೆಲಿಗೆ ಹೊರಟಿದ್ದಾಳೆ. "ಅಕಿಗೆ ಇನ್ನೂ ಹೇಳಿಲ್ರಿ. ಶಕ್ತಿವರ್ಧಕ ಗುಳಿಗಿ ಅಂತ ಹೇಳಿಕೋತ ಬಂದೀವಿ. ಇಬ್ಬರಿಗೂ ಬಾಯಿ ಬರವಲ್ದು. ನೀವರ ಹೇಳ್ರಿ, ಟೀಚರ್ ಇದ್ದೀರಿ."

ಸಂಜೆ ಚಂದನಾ ಎರಡು ಲೋಟ ನೀರು ತಂದು ಅಪ್ಪ ಅವ್ವನ ಮುಂದೆ ಇಟ್ಟಳು. ನಾನು ಗಂಟಲು ಸರಿಮಾಡಿಕೊಂಡೆ. "ನೋಡವ್ವ ಚಂದನಾ, ಮನುಷ್ಯನ ಜೀವನದಲ್ಲಿ ಕೆಲವು ಸಂಗತಿಗಳು..."

"ಎಚ್‌ಐವಿ ಸುದ್ದಿ ಏನ್ರೀ ಟೀಚರ್?" ಎಂದಳು ಹುಡುಗಿ. "ಹೈಸ್ಕೂಲಿನಾಗಿದ್ದಾಗಿಂದ ಗೊತ್ತದ."

ಭೀಮಾಶಂಕರನ ಕೈ ಲೋಟದ ಮೇಲೇ ನಿಂತಿತು. ಜಗದೇವಿ ಮಗಳ ಕಡೆ ತಿರುಗಿ, "ಮತ್ತ ಯಾಕ ಕೇಳಲಿಲ್ಲವ್ವಾ?" ಎಂದಳು.

"ನೀವೇ ಹೇಳ್ತೀರಿ ಅಂತ ಕಾದೆ. ದಿನಾ ಇದೇ ಹೊತ್ತಿಗೆ ನಾ ಯಾಕ ನೀರು ತಂದು ಮುಂದ ನಿಂದರ್ತೀನಿ ಅಂತ ತಿಳದೀರಿ? ಅಪ್ಪ ಮೋಟರ್ ಬಿಚ್ಕೊಂಡು ಕುಂತ್ರ ಹೊತ್ತಿನ ಖಬರೇ ಇರೂದಿಲ್ಲ." ಅವಳು ಲೋಟವನ್ನು ಅವನ ಕೈಗೆ ಹತ್ತಿರ ಸರಿಸಿದಳು. "ಹಾಸ್ಟೆಲಿಂದ ದಿನಾ ಫೋನ್ ಮಾಡ್ತೀನಿ. ಇಬ್ಬರೂ ನುಂಗಿದ ಮ್ಯಾಲೇ ಇಡೂದು. ಈಗ ನುಂಗ್ರಿ, ಟೀಚರ್‌ಗೆ ಹಸಿವಾಗ್ಯಾದ."

ನನಗೆ ನಿಜವಾಗಿಯೂ ಹಸಿವಾಗಿತ್ತು.