ಅವ್ರು ಕಾಫಿ ಕುಡಿಯಲ್ಲ

ಹೊಗೆಸೊಪ್ಪಿನ ಅಂಟು ನಿಮ್ಮ ಕೈಗೆ ಎಂದಾದರೂ ಹತ್ತಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಹಸಿ ಎಲೆಯನ್ನು ಕಡ್ಡಿಗೆ ಕಟ್ಟುತ್ತಾ ಕೂತರೆ ಅರ್ಧ ಗಂಟೆಯಲ್ಲಿ ಬೆರಳು ಹಸಿರಾಗುತ್ತವೆ, ಮಧ್ಯಾಹ್ನದ ಹೊತ್ತಿಗೆ ಟಾರು ಮೆತ್ತಿದ ಹಾಗೆ ಕಪ್ಪಾಗುತ್ತವೆ. ಸೋಪಿಗೆ ಜಗ್ಗುವುದಿಲ್ಲ. ಆ ಕೈಯಲ್ಲಿ ಮುದ್ದೆ ಮುರಿದರೆ ಮುದ್ದೆಯೂ ಕಹಿ. ಅಂಥ ಕೈ ಇಟ್ಟುಕೊಂಡು ಫೋನು ಎತ್ತುವುದು ಹೇಗೆ? ನಾನು ಮೂಗಿನಿಂದ ಒತ್ತುತ್ತೇನೆ. ನನ್ನ ಮಗಳು ಅದನ್ನು ನೋಡಿ ಬಿದ್ದು ಬಿದ್ದು ನಗುತ್ತಾಳೆ.

ಈ ಸೋಮವಾರ ಬೆಳಗ್ಗೆಯೂ ಎಲೆಗೆ ಶಾಖ ಕೊಟ್ಟು ಒಣಗಿಸುವ ಬ್ಯಾರನ್ನಿನ ಮುಂದೆ ಸೊಪ್ಪು ಕಟ್ಟುತ್ತಾ ಕೂತಿದ್ದಾಗ ಫೋನು ಬಂತು. ತಮ್ಮನದು. ಮೂಗಿನಲ್ಲಿ ಒತ್ತಿ ಸ್ಪೀಕರಿಗೆ ಹಾಕಿದೆ.

"ಅಕ್ಕ, ಚೆನ್ನಾಗಿದ್ದೀರಾ?"

"ಊ ಕಣೋ. ನೀನು?"

"ಚೆನ್ನಾಗಿದ್ದೀನಿ. ಮಳೆ ಆಯ್ತಾ? ಭಾವ ಹೆಂಗವ್ರೆ? ಸರಿ ಅಕ್ಕ, ನೀವು ಕೆಲ್ಸ ನೋಡ್ಕೊಳಿ. ಬರೋ ವಾರ ಮಾಡ್ತೀನಿ."

ಇಷ್ಟೇ. ಕೇಳಿದವರು ಎಂಥ ಮರ್ಯಾದಸ್ಥ ಹುಡುಗ ಎನ್ನುತ್ತಾರೆ. ಆ ಮರ್ಯಾದೆ ನನಗೆ ಯಾವತ್ತಿನಿಂದ ಬಂತು ಎಂಬುದನ್ನೇ ನಿಮಗೆ ಹೇಳಬೇಕೆಂದು ಕೂತಿದ್ದೇನೆ. ನಾನು ಓದಿದ್ದು ಏಳನೇ ತರಗತಿ. ಬರೆದು ರೂಢಿ ಇರುವುದು ಮಹಿಳಾ ಸಂಘದ ಸಭೆಯ ನಡಾವಳಿ ಮಾತ್ರ, ಅದೂ 'ಸಭೆಗೆ ಬಂದವರು, ಬಾರದವರು' ಎಂಬಲ್ಲಿಗೆ ಮುಗಿಯುತ್ತದೆ. ಮಾತು ಅತ್ತಿತ್ತ ಹೋದರೆ ಸಹಿಸಿಕೊಳ್ಳಿ.

ನನ್ನ ತವರು ಚುಂಚನಕಟ್ಟೆ ಕಡೆ, ಗದ್ದೆಯ ಸೀಮೆ. ತಮ್ಮ ಹುಟ್ಟಿದಾಗ ನನಗೆ ಹನ್ನೆರಡು. ಅವನು ಹುಟ್ಟಿದ ವರ್ಷವೇ ನಾನು ಶಾಲೆ ಬಿಟ್ಟೆ, ಅವ್ವ ನಾಟಿಗೆ ಹೋದರೆ ಅವನನ್ನು ಎತ್ತಿಕೊಳ್ಳುವವರು ಬೇಕಿತ್ತಲ್ಲ. ಹೆಸರು ಚಿಕ್ಕಸ್ವಾಮಿ. ನಮಗೆ ಚಿಕ್ಕ. ಮಾತು ಬಂದಾಗಿನಿಂದ ಅವನು ನನಗೆ 'ನೀನು' ಎಂದೇ ಅಂದದ್ದು. 'ಬಾರೆ ಅಕ್ಕ, ಹೋಗೆ ಅಕ್ಕ, ನಿಂಗೇನ್ ಗೊತ್ತು ಸುಮ್ನಿರೆ.' ನಾನು ಮದುವೆಯಾಗಿ ರಾವಂದೂರಿನ ಹತ್ತಿರದ ಈ ಊರಿಗೆ ಬಂದೆ. ಅವನು ಹಾಸ್ಟೆಲು ಸೇರಿ, ಐಟಿಐ ಮುಗಿಸಿ, ಹೈದರಾಬಾದಿನ ಒಂದು ಕಾರ್ಖಾನೆಗೆ ಹೋದ. ಈ ಊರಿನವರು ಅವನನ್ನು ನೋಡಿದ್ದು ಸಣ್ಣ ಹುಡುಗನಾಗಿದ್ದಾಗ ಮಾತ್ರ.

ಅಲ್ಲಿ ಕೋಣೆಯ ಜೊತೆಗಾರನೊಬ್ಬ ಒಂದು ಭಾನುವಾರ ಅವನನ್ನು ಪ್ರಾರ್ಥನೆಗೆ ಕರೆದುಕೊಂಡು ಹೋದನಂತೆ. ಆಮೇಲೆ ಪ್ರತಿ ಭಾನುವಾರ ಹೋದ. ಒಂದು ದಿನ ಫೋನು ಮಾಡಿ, ತಾನೀಗ ಮಾರ್ಮನ್ ಎಂದ. ಆ ಹೆಸರಿಗೆ ನನ್ನ ನಾಲಗೆ ಹೊರಳಲು ತಿಂಗಳು ಹಿಡಿಯಿತು. ಕ್ರೈಸ್ತರಲ್ಲೇ ಒಂದು ಪಂಗಡವಂತೆ. ಅದರ ಹುಡುಗರು ಎರಡು ವರ್ಷ ದುಡಿಮೆ ಬಿಟ್ಟು, ಕಳಿಸಿದ ಊರಿಗೆ ಹೋಗಿ, ದೇವರ ಮಾತು ಹೇಳುತ್ತಾ ತಿರುಗಬೇಕಂತೆ. ಅವನೂ ಹೊರಟ. ಫೋನಿಗೆ ಒಂದು ಫೋಟೋ ಕಳಿಸಿದ. ಬಿಳಿ ಶರ್ಟು, ಟೈ, ಬೋಳಿಸಿದ ಮೀಸೆ, ಎದೆಯ ಮೇಲೆ ಒಂದು ಕಪ್ಪು ಬಿಲ್ಲೆ. ಬಿಲ್ಲೆಯ ಮೇಲೆ 'ಎಲ್ಡರ್ ಚಿಕ್ಕಸ್ವಾಮಿ'.

"ಎಲ್ಡರ್ ಅಂದ್ರೇನ್ಲಾ?" ಎಂದು ಫೋನಿನಲ್ಲಿ ಕೇಳಿದೆ.

"ಹಿರಿಯ ಅಂತ ಕಣಕ್ಕ."

"ಹಿರಿಯ ಚಿಕ್ಕಸ್ವಾಮಿಯಾ! ಯಾವನ್ಲಾ ಈ ಹೆಸ್ರು ಇಟ್ಟೋನು? ಮನೇಲಿ ಹಿರೇಳು ನಾನಿಲ್ವಾ?"

ಪಕ್ಕದಲ್ಲಿ ಕೂತಿದ್ದ ಅವ್ವ ನಕ್ಕು ನಕ್ಕು ಕೆಮ್ಮಿದಳು. "ಆ ಬಿಲ್ಲೆ ಒಂದ್ಸಲ ಮುಟ್ ನೋಡ್ಬೇಕು ಕಣ್ಲಾ ಮಗ" ಎಂದಳು. ಅವಳ ಕಣ್ಣು ಆಗಲೇ ಮಸುಕಾಗಿದ್ದವು, ಯಾವುದನ್ನಾದರೂ ನೋಡಬೇಕೆಂದರೆ ಮುಟ್ಟಬೇಕಿತ್ತು. ಅಪ್ಪ ಹೋದ ಮೇಲೆ ಅವಳು ನನ್ನ ಮನೆಯಲ್ಲೇ ಇದ್ದಳು. ಬಾಗಿಲ ಹಿಂದಿನ ಮಂಚ ಅವಳದು.

ಚಿಕ್ಕನಿಗೆ ಮನೆಯವರ ಜೊತೆ ಮಾತಾಡಲು ವಾರಕ್ಕೊಂದೇ ದಿನ, ಸೋಮವಾರ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಬಸವನ ವಾರ. "ಎತ್ಗೂ ರಜ, ನನ್ ಮಗಂಗೂ ರಜ" ಎಂದು ಅವ್ವ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕಾಯುತ್ತಿದ್ದಳು. ಅವನ ವಾರ ನಮಗೆ ಬಾಯಿಪಾಠವಾಗಿತ್ತು. ಸೋಮವಾರ ನಾಲ್ಕು ಬಿಳಿ ಶರ್ಟು ಒಗೆದು ಇಸ್ತ್ರಿ ಹಾಕುವುದು, ತರಕಾರಿ ತರುವುದು. ಮಂಗಳವಾರದಿಂದ ಬೆಳಗ್ಗೆ ಆರೂವರೆಗೆ ಎದ್ದು ಓದು, ಪ್ರಾರ್ಥನೆ, ಆಮೇಲೆ ನಡಿಗೆ. ಒಬ್ಬನೇ ಎಲ್ಲಿಗೂ ಹೋಗುವಂತಿಲ್ಲ, ಯಾವಾಗಲೂ ಒಬ್ಬ ಜೊತೆಗಾರ. ಕರೆದವರ ಮನೆಗೆ ಹೋಗುತ್ತಾರೆ, ಹೇಳಿದ ಹೊತ್ತಿಗೆ ಹೋದರೆ ಬೀಗ ಇರುತ್ತದೆ, ಅಥವಾ ಒಳಗೆ ಟೀವಿ ಸದ್ದು ಕೇಳುತ್ತಾ ಬಾಗಿಲು ಮುಚ್ಚಿರುತ್ತದೆ. ಒಂದು ವಾರ ಒಬ್ಬ ಮುದುಕಿಯ ಮನೆಗೆ ಹೆಂಚು ಹೊದಿಸಿಕೊಟ್ಟರಂತೆ. ಇನ್ನೊಂದು ವಾರ ಐದು ದಿನ ನಡೆದರೂ ಒಬ್ಬರೂ ಕೂರಿ ಎನ್ನಲಿಲ್ಲವಂತೆ. ಶನಿವಾರ ಪ್ರಾರ್ಥನೆಯ ಮಂದಿರ ಗುಡಿಸುವುದು. ತಿಂಗಳ ಮೊದಲ ಭಾನುವಾರ ಉಪವಾಸ.

"ಬಾಗ್ಲು ಹಾಕ್ಬುಟ್ರೆ ಬೇಜಾರಾಗಲ್ವಾ ಮಗ?" ಎಂದು ಅವ್ವ ಕೇಳಿದಳು.

"ಆಯ್ತದೆ ಕಣವ್ವ. ಗೊತ್ತಿಲ್ದೋರು ತಾನೆ, ಇರ್ಲಿ ಬುಡು ಅಂತ ಪಕ್ಕದ ಮನೆಗೆ ಹೋಯ್ತೀವಿ."

ಈ ಮಾತು ಆಗ ನನಗೆ ಏನೂ ಅನ್ನಿಸಿರಲಿಲ್ಲ.

ಅವನು ಹೊಗೆಸೊಪ್ಪು, ಟೀ, ಕಾಫಿ ಎಲ್ಲ ಬಿಟ್ಟಿದ್ದ. ಹೊಗೆಸೊಪ್ಪಿನ ಮಾತು ಬಂದಾಗ ನಾನು, "ಈ ಮನೆ ಅನ್ನವೇ ಅದು ಕಣಪ್ಪ, ಬಂದಾಗ ಉಪವಾಸ ಇರು" ಎಂದು ರೇಗಿಸಿದ್ದೆ. ಅವ್ವನಿಗೆ ಮಾತ್ರ ಕಾಫಿಯದು ಅರ್ಥವಾಗಲಿಲ್ಲ. ದಿನಕ್ಕೆ ನಾಲ್ಕು ಸಲ ಬೆಲ್ಲದ ಕಾಫಿ ಕುಡಿಯುವವಳು ಅವಳು. "ಕಾಫಿ ಏನ್ಲಾ ಪಾಪ ಮಾಡಿತ್ತು?" ಎಂದು ಪ್ರತಿ ಸೋಮವಾರ ಕೇಳುವಳು. "ನಂಗೂ ಪೂರ್ತಿ ಗೊತ್ತಿಲ್ಲ ಕಣವ್ವ, ಬುಟ್ಟಿದೀನಿ ಅಷ್ಟೆಯ" ಎನ್ನುವನು.

ಊರಿನವರಿಗೆ ನಾನು ಇದೊಂದನ್ನೂ ಹೇಳಿರಲಿಲ್ಲ. 'ಮಗ ಇದ್ದೂ ಅಳಿಯನ ಮನೇಲವ್ಳೆ' ಎಂಬ ಮಾತು ಆಗಲೇ ಅವ್ವನ ಬೆನ್ನ ಹಿಂದೆ ಓಡಾಡುತ್ತಿತ್ತು. ಮಗ ಮತ ಬದಲಿಸಿ ಬೀದಿ ಬೀದಿ ತಿರುಗುತ್ತಾನೆ ಎಂದು ತಿಳಿದರೆ? ತಮ್ಮ ಕಂಪನಿಯ ಟ್ರೈನಿಂಗಿನಲ್ಲಿದ್ದಾನೆ, ಎರಡು ವರ್ಷ ರಜ ಇಲ್ಲ ಎಂದುಬಿಟ್ಟಿದ್ದೆ. ರಜ ಇಲ್ಲದ್ದು ನಿಜ ತಾನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಒಂದೂವರೆ ವರ್ಷ ಆಂಧ್ರದಲ್ಲಿ ತಿರುಗಿಸಿ ಅವನನ್ನು ಮೈಸೂರಿಗೆ ಹಾಕಿದರು. ಮನೆಗೆ ಹೋಗುವ ನಿಯಮವಿಲ್ಲ. ಆದರೂ ಅವ್ವನ ಕಣ್ಣಿನ ವಿಷಯ ಹೇಳಿ, ಮೇಲಿನವರಿಂದ ಒಂದು ಸೋಮವಾರಕ್ಕೆ ಒಪ್ಪಿಗೆ ಪಡೆದ. "ಬರೋ ಸೋಮವಾರ ಬತ್ತೀನಿ ಕಣಕ್ಕ. ಅವ್ವಂಗೆ ಹೇಳ್ಬ್ಯಾಡ ನೀನು, ಬಂದು ಬಿಲ್ಲೆ ಕೈಗಿಡ್ತೀನಿ" ಎಂದ.

"ಮಾಮೂಲಿ ಬಟ್ಟೆ ಹಾಕ್ಕೊಂಡ್ ಬಾರೋ" ಎಂದೆ.

"ಅವ್ವಂಗೋಸ್ಕರ ಅದೇ ಹಾಕ್ಕೊಂಡ್ ಬತ್ತೀನಿ ಕಣೆ" ಎಂದು ನಕ್ಕ.

ಆ ವಾರವೆಲ್ಲ ನನಗೆ ಅನ್ನ ಸೇರಲಿಲ್ಲ. ಸೋಮವಾರ ಮನೆಯ ಮುಂದೆ ಯಾರೂ ಇರದ ಹಾಗೆ ಮಾಡಬೇಕೆಂದು ಲೆಕ್ಕ ಹಾಕಿದೆ. ಆದರೆ ಸೊಪ್ಪು ನನ್ನ ಲೆಕ್ಕ ಕೇಳಬೇಕಲ್ಲ. ಮಳೆ ಬಿಟ್ಟದ್ದೇ ಎಲೆ ಹಣ್ಣಾಗಿ, ಕಿತ್ತು ತಂದು ಸೋಮವಾರವೇ ಕಟ್ಟಬೇಕಾಯಿತು. ಆರು ಜನ ಹೆಂಗಸರು ಬಂದು ಕೂತರು. ಮೊದಲಿಗಳು ಪಕ್ಕದ ಮನೆಯ ಜಯಮ್ಮ.

ಹನ್ನೊಂದು ಗಂಟೆಯ ಹೊತ್ತಿಗೆ ಜಯಮ್ಮ ತಲೆಯೆತ್ತಿ, "ಯಾರೋ ಟೈ ಕಟ್ಕಂಡು ಬತ್ತಾವ್ರೆ ಕಣೆ. ಔಸ್ದಿ ಕಂಪ್ನಿಯೋರಾ?" ಎಂದಳು. ಹೊಗೆಸೊಪ್ಪಿನ ಕಾಲದಲ್ಲಿ ಹುಳದ ಔಷಧಿ ಮಾರುವವರು ಹೀಗೇ ಬ್ಯಾಗು ನೇತು ಹಾಕಿಕೊಂಡು ಬರುತ್ತಾರೆ. ಇಬ್ಬರೂ ಬೇಲಿಯ ಹತ್ತಿರ ಬಂದರು. ಜೊತೆಗಾರ ತೆಲುಗು ಹುಡುಗ, "ನಮಸ್ಕಾರಂ ಅಕ್ಕಾ!" ಎಂದ. ನಮ್ಮ ಚಿಕ್ಕನೂ ಮುಖದ ತುಂಬ ನಗುತ್ತಾ ಬಾಯಿ ತೆರೆದ.

ಅವನಿಗಿಂತ ಮೊದಲು ನಾನು ಬಾಯಿ ತೆರೆದೆ. "ಊ ಜಯಮ್ಮ, ಔಸ್ದಿ ಕಂಪ್ನಿಯೋರೇ. ಇವತ್ತಾಗಲ್ಲ ಹೋಗ್ರಪ್ಪ, ಯಜಮಾನ್ರಿಲ್ಲ."

ಆ ನಗು ಅವನ ಮುಖದಲ್ಲಿ ಸ್ವಲ್ಪ ಹೊತ್ತು ಹಾಗೇ ನಿಂತಿತ್ತು, ಏನು ಮಾಡಬೇಕೆಂದು ತಿಳಿಯದೆ. ಹೌದು ಎಂದು ಅವನು ಸುಳ್ಳು ಹೇಳಲಿಲ್ಲ. ಅಲ್ಲ ಎಂದು ನನ್ನನ್ನು ಸಿಕ್ಕಿಸಲೂ ಇಲ್ಲ. ಬಾಗಿಲ ಕಡೆ ನೋಡಿದ. ಅವ್ವನ ಮಂಚ ಅಲ್ಲಿಂದ ಹತ್ತು ಹೆಜ್ಜೆ.

"ಕುಡಿಯೋಕೆ ನೀರು ಕೊಡ್ತೀರಾ?" ಎಂದ.

ನೀರಿಗೆ ನಾನು ಒಳಗೆ ಹೋದರೆ ಅವನು ಜಗಲಿ ಹತ್ತುತ್ತಾನೆ ಎನ್ನಿಸಿತು. "ಕೈಯೆಲ್ಲ ಅಂಟು. ಅಲ್ಲಿ ನಲ್ಲಿ ಐತೆ, ಕುಡ್ಕೊಳಿ" ಎಂದೆ. ಬಗ್ಗಿ ಬೊಗಸೆಯಲ್ಲಿ ಕುಡಿದ. ಬಿಲ್ಲೆಯ ಮೇಲೆ ಬಿದ್ದ ನೀರನ್ನು ಕರ್ಚೀಫಿನಿಂದ ಒರೆಸಿಕೊಂಡ. ಆಮೇಲೆ, "ಸರಿ, ನೀವು ಕೆಲ್ಸ ನೋಡ್ಕೊಳಿ" ಎಂದು ಹೊರಟ. ಏನೂ ತಿಳಿಯದ ತೆಲುಗು ಹುಡುಗ ತಿರುಗಿ ನನಗೆ ಕೈ ಬೀಸಿದ. ಆ ದಿನ ನನ್ನನ್ನು ಅಕ್ಕ ಎಂದವನು ಅವನೊಬ್ಬನೇ.

"ಪಾಪ, ಬಿಸ್ಲಲ್ಲಿ ನಡ್ಕಂಡ್ ಬಂದವೆ" ಎಂದಳು ಜಯಮ್ಮ. "ಒಂದೊಂದ್ ಲೋಟ ಕಾಫಿನಾದ್ರೂ ಕಾಯ್ಸ್ ಕೊಡ್ಬಾರ್ದಾಗಿತ್ತಾ?"

"ಅವ್ರು ಕಾಫಿ ಕುಡಿಯಲ್ಲ."

"ಅದೆಂಗೆ ನಿಂಗ್ ಗೊತ್ತು?"

ನನ್ನ ಕೈಯ ದಾರ ನಿಂತಿತು. "ಮುಖ ನೋಡುದ್ರೆ ಗೊತ್ತಾಗಲ್ವಾ?" ಎಂದೆ. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಒಳಗೆ ಅವ್ವ ಒಂದು ಸಲ ಕೆಮ್ಮಿದ್ದು ಕೇಳಿಸಿತು.

ಎಲ್ಲರೂ ಹೋದ ಮೇಲೆ ಅವ್ವ, "ಯಾರ್ ಬಂದಿದ್ರು ಮಗ?" ಎಂದಳು. "ಔಸ್ದಿ ಕಂಪ್ನಿಯೋರು ಕಣವ್ವ" ಎಂದೆ. "ಊ" ಎಂದಳು. ಕಾಫಿ ಕೊಟ್ಟೆ. "ಬ್ಯಾಡ ಬುಡು" ಎಂದಳು. ಮರುದಿನವೂ ಬೇಡ. ಬಾಯಿ ಕೆಟ್ಟಿರಬೇಕು ಎಂದುಕೊಂಡೆ. ಸಾಯುವ ತನಕ ಅವಳು ಮತ್ತೆ ಕಾಫಿ ಕುಡಿಯಲಿಲ್ಲ, ಯಾಕೆಂದು ಹೇಳಲೂ ಇಲ್ಲ.

ಮುಂದಿನ ಸೋಮವಾರ ಫೋನು ಎಂದಿನಂತೆ ಬಂತು. "ಚೆನ್ನಾಗಿದ್ದೀರಾ ಅಕ್ಕ?" ಎಂದ. ಮೊದಲು ರೇಗಿಸುತ್ತಿದ್ದಾನೆ ಎಂದುಕೊಂಡೆ. ಇಲ್ಲ. ಅಂದಿನಿಂದ ನನಗೆ 'ನೀವು' ಎಂದೇ ಆಯಿತು. ಬಂದು ಹೋದದ್ದನ್ನು ಅವನು ಅವ್ವನಿಗೆ ಹೇಳಲಿಲ್ಲ. ಅವ್ವ ಅವನನ್ನು ಕೇಳಲಿಲ್ಲ. ಇಬ್ಬರೂ ಸೇರಿ ನನ್ನ ಮಾನ ಕಾಪಾಡಿದರು.

ಆಮೇಲೆ ಅವನನ್ನು ಬೇರೆ ಊರಿಗೆ ಹಾಕಿದರು. ಸಂಕ್ರಾಂತಿಗೆ ಇನ್ನೂ ಕೆಲವು ದಿನ ಇರುವಾಗ ಅವ್ವ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಕಾಲು ಒತ್ತುತ್ತಾ ಕೂತಿದ್ದೆ. ಕಣ್ಣು ಮುಚ್ಚಿಕೊಂಡೇ, "ಅವ್ನ್ ಬಿಲ್ಲೆ ಎಂಗಿತ್ತೆ? ಕಪ್ಪಗಿತ್ತಾ?" ಎಂದಳು.

ಆಗಲಾದರೂ ಹೇಳಬಹುದಿತ್ತು. ಸುತ್ತ ಯಾರೂ ಇರಲಿಲ್ಲ.

"ಯಾರ್ದವ್ವ?" ಎಂದೆ.

ಅವಳು ಕಾಲು ಎಳೆದುಕೊಂಡಳು. ಎರಡನೇ ದಿನಕ್ಕೆ ಹೋದಳು. ಚಿಕ್ಕನಿಗೆ ಸುದ್ದಿ ಮುಟ್ಟಿಸಿದೆ. ಬರಬೇಡ ಎಂದು ನಾನು ಹೇಳಲಿಲ್ಲ. ಬಾ ಎಂದೂ ಹೇಳಲಿಲ್ಲ. ಅವನು ಬರಲಿಲ್ಲ. ಸೇವೆ ಮುಗಿದು ಈಗ ಕೊಯಮತ್ತೂರಿನ ಒಂದು ವರ್ಕ್‌ಶಾಪಿನಲ್ಲಿದ್ದಾನೆ. ಯಾವ ದಿನ ಬೇಕಾದರೂ ಫೋನು ಮಾಡಬಹುದು. ಮಾಡುವುದು ಮಾತ್ರ ಸೋಮವಾರ.

ಈ ಸೋಮವಾರ ಅವನು ಫೋನು ಇಟ್ಟ ಮೇಲೆ, ಪಕ್ಕದಲ್ಲಿ ಸೊಪ್ಪು ಕಟ್ಟುತ್ತಿದ್ದ ಜಯಮ್ಮ, "ಯಾರೆ ಅದು, ನೀವು ತಾವು ಅಂತಾನೆ? ಬ್ಯಾಂಕ್‌ನೋನಾ?" ಎಂದಳು.

"ನನ್ ತಮ್ಮ" ಎಂದೆ. "ಅವತ್ತು ಬಂದಿದ್ನಲ್ಲ, ಕಾಫಿ ಕುಡಿಯಲ್ಲ ಅಂದೆ ನೋಡು, ಅವ್ನೇ."

ಜಯಮ್ಮ ಎಲೆಯಿಂದ ಕಣ್ಣು ತೆಗೆಯಲಿಲ್ಲ. "ಅವತ್ತೇ ಗೊತ್ತಿತ್ತು ಕಣೆ. ನಿಮ್ಮವ್ವನ ಮುಖವೇ ಅಲ್ವಾ ಅದು? ಎಲ್ರಿಗೂ ಗೊತ್ತಿತ್ತು."

ಎಲ್ಲರಿಗೂ ಗೊತ್ತಿತ್ತು. ನಾನು ಅಂಟಿನ ಕೈಯಲ್ಲೇ ಫೋನು ಹಿಡಿದು ಎದ್ದು ಬ್ಯಾರನ್ನಿನ ಹಿಂದಕ್ಕೆ ಹೋಗಿ ಅವನಿಗೆ ಮಾಡಿದೆ. ಅದಕ್ಕೆ ಮುಂಚೆ ಇಷ್ಟು ವರ್ಷದಲ್ಲಿ ನಾನಾಗಿ ಅವನಿಗೆ ಫೋನು ಮಾಡಿದ್ದು ಅವ್ವ ಸತ್ತ ದಿನ ಒಂದೇ.

"ಹೇಳಿ ಅಕ್ಕ."

"ಅವ್ವಂಗೆ ಗೊತ್ತಿತ್ತು ಕಣೋ ಚಿಕ್ಕ, ನೀನು ಬಂದಿದ್ದು. ಸಾಯೋಕೆ ಮುಂಚೆ ಕೇಳುದ್ಲು. ಅವ್ನ್ ಬಿಲ್ಲೆ ಎಂಗಿತ್ತು, ಕಪ್ಪಗಿತ್ತಾ ಅಂತ."

ಆ ಕಡೆ ಯಾವುದೋ ಮಷೀನು ಓಡುತ್ತಿತ್ತು. ಅವನು ಅದರಿಂದ ದೂರ ನಡೆದದ್ದು ಕೇಳಿಸಿತು. ಆಮೇಲೆ ಅವನ ದನಿ ಬಂತು, ಹಳೆಯ ದನಿ.

"ನೀನೇನಂದೆ?"

ಎಷ್ಟು ಸೋಮವಾರ ಕಾದಿದ್ದೆ ಆ ಒಂದು 'ನೀನು' ಎಂಬುದಕ್ಕೆ. ಫೋನಿನ ಗಾಜಿನ ಮೇಲೆ ನನ್ನ ಬೆರಳುಗಳ ಅಚ್ಚು ಕಪ್ಪಗೆ ಮೂಡಿತ್ತು.

"ಯಾರ್ದವ್ವ ಅಂದೆ ಕಣೋ" ಎಂದೆ.